ಮ್ಯಾಚಿಂಗ್

ಇಪ್ಪತ್ತೊಂಬತ್ತು ವರ್ಷ ನೂಲು ಕಡಿದ ಹಲ್ಲು.
ಮುಂದಿಂದು, ಬಲಕ್ಕಿಂದು. ತುದಿಗೊಂದು ಕಚ್ಚು,
ಮೊದಲ ಸೂಜಿ ಕಣ್ಣಿನಷ್ಟಿತ್ತು,
ಆಮ್ಯಾಲ ಜೋಳದ ನುಚ್ಚಿನಷ್ಟು.
ಮೊನ್ನೆ ಯಾರದೋ ಪೈಠಣಿಗೆ ಫಾಲ್ ಹಚ್ಚುವಾಗ
ನೈಲಾನ್ ದಾರ ಸೋಲಲಿಲ್ಲ, ಹಲ್ಲು ಸೋತಿತು.
ಚೂರು ಬಾಯಾಗ.
ಪೈಠಣಿ ಮ್ಯಾಲ ಉಗಳಾಕ ಬರ್ತದೇನು?
ನುಂಗಿದೆ.

ತುಳಶೀಬಾಗಿನ ಹಿಂದ, ಕಟ್ಟಿಗಿ ಮೆಟ್ಟಲ, ಎರಡನೇ ಮಜಲಾ.
ಡಾಕ್ಟರ್ ಮೃದುಲಾ ಕಾನಿಟ್ಕರ್ ನನ್ನ ಗಿರಾಕಿನೇ:
ಎದಿ ಮೂವತ್ತಾರು,
ಎಡ ಭುಜ ಅರ್ಧ ಇಂಚು ಇಳಿಜಾರು.
ಇವತ್ತು ಆಕಿ ನನ್ನ ಅಳತಿ ತಗೋತಾಳ.

"ಒಡದಲ್ಲಷ್ಟ ಲೇಪ ತುಂಬಿ, ನೀಲಿ ಬೆಳಕು ಹಿಡದು
ಗಟ್ಟಿ ಮಾಡಬಹುದು. ಐದಾರು ವರ್ಷ ಬಾಳ್ತದ,
ಚಹಾಕ್ಕ ಮಾಸ್ತದ.
ಇಲ್ಲಾ ವಿನಿಯರ್, ಉಗುರಿನಂಥಾ ಪಿಂಗಾಣಿ ಪದರ,
ಹಲ್ಲಿನ ಮಾರಿ ತುಸು ತೇದು ಅಂಟಸೂದು.
ಕ್ಯಾಪ್ ಅಂದ್ರ ಸುತ್ತಲೂ ತೇದು ಟೊಪಗಿ."
ಆಕಿ ಮರಾಠಿಯೊಳಗ ರೊಕ್ಕ ಹೇಳಿದಳು,
ನಾ ಕನ್ನಡದಾಗ ಬ್ಲೌಸು ಎಣಿಸಿದೆ:
ಎಂಟು. ನಲವತ್ತು. ಮೂವತ್ತು.
ಎಲ್ಲಾ ಅಸ್ತರದ್ದು.

ರೊಕ್ಕ ಅಷ್ಟ ಅಲ್ಲ.
ತೇದ ಹಲ್ಲು ತಿರುಗಿ ಬರೂದಿಲ್ಲ ಅಂದಳು.
ಒಂದು ತೂತಿಗೆ ಇಡೀ ತೋಳು ಕತ್ತರಿಸಿ ಒಗದ
ಕೆಲಸದ ಹುಡುಗಿಗೆ ನಾ ಒಮ್ಮೆ ಬೈದಿದ್ದೆ,
ಆಕಿ ಊಟಾನೂ ಮಾಡಿದ್ದಿಲ್ಲ ಅವತ್ತು.
"ರಫೂ ಮಾಡ್ರಿ" ಅಂದೆ.

ಆಗ ಒಂದು ಪಟ್ಟಿ ತಗದಳು.
ಸಾಲಾಗಿ ಹಲ್ಲು, ಬಿಳಿಯೊಳಗ ಹದಿನಾರು ಬಿಳಿ,
ನನ್ನ ದಾರದ ಡಬ್ಬಿ ತೆರದಂಗ.
ಬಿಳಿ ಅಂಬೂದು ಒಂದು ಬಣ್ಣ ಅಲ್ಲ:
ಹಾಲಿಂದು, ಕೆನಿದು, ಜೋಳದ ಹಿಟ್ಟಿಂದು,
ನೀಲಿ ಹೆಚ್ಚಾದ ಧೋತರದ್ದು, ನೀಲಿ ಮರತದ್ದು.
ಸಹಾಯಕಿ ಹುಡುಗಿ ಎಲ್ಲಕ್ಕೂ ಬೆಳ್ಳಗಿಂದು ಎತ್ತಿದಳು:
"ಇದು ಚಂದ ಕಾಣ್ತದ, ಮಾವಶಿ."
ಒಂಟಿ ಚಂದ ತಗೊಂಡು ಏನ ಮಾಡೂದವ್ವಾ,
ಬಾಜೂಕಿನವು ನಲವತ್ತೈದು ವರ್ಷ ಚಹಾ ಕುಡದಾವ.

"ಬೆಳ್ಳಗ ಬೇಕಂದ್ರ ಮೊದಲ ಎಲ್ಲಾ ಬ್ಲೀಚ್,
ಆಮ್ಯಾಲ ಲೇಪ. ಲೇಪಕ್ಕ ಬ್ಲೀಚ್ ಹತ್ತೂದಿಲ್ಲ."
ಖರೇ. ಅಸ್ತರ ಮೊದಲ ನೆನಸಿ ಆಮ್ಯಾಲ ಹೊಲಿಯೂದು,
ಹೊಲದು ನೆನಸಿದ್ರ ಬ್ಲೌಸು ಮುದ್ದಿ.
ಖರೇ, ಆದ್ರ ನನಗ ಬ್ಯಾಡ.
ಕುರ್ಚಿ ಇಳದು ಖಿಡಕಿಗೆ ಹೋದೆ, ಪಟ್ಟಿ ಕೈಯಾಗ,
ಆಕಿ ಕನ್ನಡಿ ಹಿಡಕೊಂಡು ಹಿಂದ.
ಟ್ಯೂಬ್‌ಲೈಟಿನಾಗ ತಗೊಂಡ ದಾರ
ಬಿಸಲಾಗ ತನ್ನ ಮಾರಿ ತೋರಸ್ತದ.
ಹನ್ನೊಂದು ಗಂಟೆಯ ಬೆಳಕು, ಕೆಳಗ ರಿಕ್ಷಾ ಗದ್ದಲ.
"ಇದು. ಆದ್ರ ತುದಿಗೆ ಹಳದಿ ಕಮ್ಮಿ."
ಡಾಕ್ಟರ್ ನಕ್ಕಳು. ಎರಡು ಬಣ್ಣ ಕಲಸಿದಳು.

ಬಾಯಿ ತೆರದು ಮಲಗಿದವಳ ಕಣ್ಣ ಮುಂದ
ಆಕಿ ಕೋಟಿನ ಗುಂಡಿ ಒಂದ ಎಳಿ ಮ್ಯಾಲ ಜೋತಾಡತಿತ್ತು.
ಮಾತಾಡಂಗಿಲ್ಲ, ನೋಡಕೋತ ಇದ್ದೆ.
ಎದ್ದವಳೇ ಚೀಲದಿಂದ ಸೂಜಿ ತಗದೆ.
ಬ್ಯಾಡ ಬ್ಯಾಡ ಅಂದಳು, ನಿಂತಳು.
ನಾಕು ಸುತ್ತು, ಗಂಟು, ಬಾಗಿದೆ...
"ಮಹಾನಂದಾತಾಯಿ!"
ದವಾಖಾನಿ ಕತ್ತರಿ ಕೈಯಾಗ ಇಟ್ಟಳು.
ಅಬ್ಬಾ, ಏನು ಹರಿತ ಅದು.

ಮನ್ಯಾಗ ಯಾರೂ ಏನೂ ಕೇಳಲಿಲ್ಲ.
ಮ್ಯಾಚಿಂಗ್ ಸರಿ ಬಂದ್ರ ಯಾರೂ ಕೇಳೂದಿಲ್ಲ.
ಬಾಜೂ ಮಶೀನಿನ ಶೇವಂತಾ ಮಾತ್ರ
ಎರಡು ದಿನ ಕಿವಿ ಕೊಟ್ಟು,
ಮೂರನೇ ದಿನ ಪೆಡಲ್ ನಿಲ್ಲಿಸಿದಳು:
"ನನ್ನ ಹೆಸರು ಕರಿಯುವಾಗ ನಿನ್ನ ಬಾಯಾಗ
ಒಂದು ಗಾಳಿ ಬರತಿತ್ತಲ್ಲ, ಸಣ್ಣ ಸೀಟಿ,
ಅದನ್ನ ಎಲ್ಲಿಟ್ಟು ಬಂದಿ?"